ನಮ್ಮ ಬೀದಿಯನ್ನು ನಾವೇ ಎಣಿಸಿದ್ದು

ಒಂದು ಬೆಳಗ್ಗೆ ಬಾಗಿಲು ತೆಗೆದಾಗ ಎದುರಿನ ಕಂಬಕ್ಕೆ ಒಂದು ನೋಟಿಸ್ ಅಂಟಿಸಿದ್ದರು. ಮೂರೇ ಸಾಲು. ಈ ಬೀದಿ ಇನ್ನು ಮುಂದೆ ಒನ್ ವೇ. ಪಾರ್ಕಿಂಗ್ ಒಂದೇ ಬದಿಗೆ. ಆಕ್ಷೇಪಣೆ ಇದ್ದರೆ 30 ದಿನದೊಳಗೆ ಬರೆದು ಕೊಡಿ. ಯಾಕೆ ಹೀಗೆ ಮಾಡುತ್ತಿದ್ದಾರೆ ಅನ್ನೋದು ಎಲ್ಲೂ ಇರಲಿಲ್ಲ.

ಸಂಜೆ ಹೊತ್ತಿಗೆ ಒಬ್ಬರ ಮನೆಯ ಅಂಗಳದಲ್ಲಿ ಎಲ್ಲರೂ ಸೇರಿದೆವು. ಮಾತಿಗಿಂತ ಕೂಗಾಟವೇ ಜಾಸ್ತಿ. "ನಮ್ಮ ಕಾರು ಎಲ್ಲಿ ನಿಲ್ಲಿಸೋದು?" ಅಂತ ಒಬ್ಬರು. "ತಿರುವಿನಲ್ಲಿ ಮಕ್ಕಳು ರಸ್ತೆ ದಾಟೋಕೇ ಆಗ್ತಿಲ್ಲ, ಅದನ್ನು ಮೊದಲು ನೋಡಿ" ಅಂತ ಇನ್ನೊಬ್ಬರು. ಬೀದಿಯ ಕೊನೆಯ ಮನೆಯಲ್ಲಿ ವಾಕರ್ ಹಿಡಿದು ನಡೆಯುವ ಅಜ್ಜಿ ಇದ್ದಾರೆ. ಅವರ ಮಗಳದು ಒಂದೇ ಪ್ರಶ್ನೆ: ಆಸ್ಪತ್ರೆಗೆ ಹೋಗುವ ದಿನ ಕಾರು ಬಾಗಿಲಿಗೆ ಬರುತ್ತದೋ ಇಲ್ಲವೋ?

ಅಷ್ಟರಲ್ಲಿ ಯಾರೋ "ಈ ಬದಲಾವಣೆ ನಮಗೆ ಬೇಡ" ಅಂತ ಬರೆದ ಹಾಳೆ ತಂದು ಸಹಿ ಕೇಳಿದರು. ನಾನು ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಆಗ ಒಬ್ಬ ಹುಡುಗಿ ಕೇಳಿದಳು: "ನಮ್ಮ ಬೀದಿಯಲ್ಲಿ ಒಟ್ಟು ಎಷ್ಟು ಕಾರು ನಿಲ್ಲುತ್ತವೆ?" ಒಬ್ಬರು 20 ಅಂದರು, ಒಬ್ಬರು 50 ಅಂದರು. ಯಾರಿಗೂ ಗೊತ್ತಿರಲಿಲ್ಲ. ನಾನು ಪೆನ್ನು ಕೆಳಗಿಟ್ಟೆ. ಗೊತ್ತಿಲ್ಲದ ಮೇಲೆ ಏನಂತ ಬೇಡ ಅನ್ನೋದು?

ಮರುದಿನ ಆ ಹುಡುಗಿ ಮತ್ತು ನಾನು ಟೇಪ್ ಹಿಡಿದು ಹೊರಟೆವು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 7 ಮೀಟರ್ ಬಂತು. ಒಂದು ಕಾರಿನ ಅಗಲ ಸುಮಾರು 1.8 ಮೀಟರ್. ಅಂಚಿನಿಂದ ಸ್ವಲ್ಪ ಬಿಟ್ಟು ನಿಲ್ಲಿಸಿದರೆ 2 ಮೀಟರ್ ಹೋಯಿತು. ಎರಡೂ ಬದಿ ಸೇರಿ 4. ನಡುವೆ ಉಳಿಯುವುದು 3 ಮೀಟರ್. ಅಗ್ನಿಶಾಮಕ ವಾಹನದ ಅಗಲವೇ ಸುಮಾರು 2.5 ಮೀಟರ್, ಅದೂ ಕನ್ನಡಿ ಬಿಟ್ಟು. ಎಲ್ಲರೂ ನೇರವಾಗಿ ನಿಲ್ಲಿಸಿದ್ದರೆ ಹೇಗೋ ನುಗ್ಗಬಹುದು. ಒಂದು ಕಾರು ಸ್ವಲ್ಪ ಓರೆಯಾಗಿದ್ದರೂ ಅಲ್ಲೇ ನಿಂತುಬಿಡುತ್ತದೆ. ಒಳಗೆ ಬಂದರೂ ಪಕ್ಕದ ಬಾಗಿಲು ತೆಗೆದು ಪೈಪ್ ಎಳೆಯೋಕೆ ಜಾಗ ಬೇಕಲ್ವಾ? ತಿರುವಿನಲ್ಲಂತೂ ಕಾರುಗಳು ಮೂಲೆಯ ತನಕ ನಿಂತಿದ್ದವು. ಅಲ್ಲಿ ಅಷ್ಟು ಉದ್ದದ ವಾಹನ ತಿರುಗುವ ಮಾತೇ ಇರಲಿಲ್ಲ. ನೋಟಿಸ್‌ನಲ್ಲಿ ಬರೆಯದೆ ಬಿಟ್ಟ ಕಾರಣ ನನಗೆ ಅವತ್ತು ಅರ್ಥವಾಯಿತು. ಕೋಪ ಅರ್ಧ ಇಳಿಯಿತು.

ಆಮೇಲೆ ಪಾರ್ಕಿಂಗ್ ಎಣಿಕೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗ್ರಾಫ್ ಹಾಳೆಯ ಮೇಲೆ ಬೀದಿ ಬರೆದೆವು. ಪ್ರತಿ ಮನೆಯ ಗೇಟು ಗುರುತು ಹಾಕಿ, ಅಷ್ಟು ಭಾಗ ಬಿಟ್ಟೆವು. ಉಳಿದ ಅಂಚನ್ನು 6 ಮೀಟರ್‌ಗೆ ಒಂದರಂತೆ ತುಂಡು ಮಾಡಿದೆವು. ಉದ್ದಕ್ಕೆ ನಿಲ್ಲಿಸುವ ಒಂದು ಕಾರು ಹೋಗಿ ಬರೋಕೆ ಅಷ್ಟು ಬೇಕು. ಬದಿಗೆ 17ರಂತೆ ಒಟ್ಟು 34 ಜಾಗ ಸಿಕ್ಕವು. ನಂತರ ಒಂದು ಕೆಲಸದ ದಿನ, ಒಂದು ರಜಾ ದಿನ, ಐದೈದು ಸುತ್ತು: ಬೆಳಗ್ಗೆ 5, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಪ್ರತಿ ಸಲವೂ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕೆ ಬರೆದುಕೊಂಡೆವು. ಸುಮ್ನೆ ಎಣಿಸಿದರೆ ಎಷ್ಟು ತುಂಬಿದೆ ಅನ್ನೋದು ಮಾತ್ರ ಗೊತ್ತಾಗುತ್ತದೆ. ಅಂಕೆ ಬರೆದರೆ ಯಾವುದು ಬಂದು ಹೋಗುತ್ತದೆ, ಯಾವುದು ನಿಂತಲ್ಲೇ ಇರುತ್ತದೆ ಅನ್ನೋದೂ ಗೊತ್ತಾಗುತ್ತದೆ. ಲೆಕ್ಕ ಮುಗಿದ ಮೇಲೆ ಆ ಅಂಕೆಗಳ ಹಾಳೆಯನ್ನು ಹರಿದು ಹಾಕಿದೆವು. ನೆರೆಯವರ ಓಡಾಟದ ದಾಖಲೆ ನಮ್ಮ ಹತ್ತಿರ ಇರಬಾರದು.

ರಾತ್ರಿ 10ಕ್ಕೆ ನಿಂತಿದ್ದದ್ದು 26. ಅಂದರೆ ಎಂಟು ಜಾಗ ಖಾಲಿ! ಅಮೆರಿಕದಲ್ಲಿ ಪಾರ್ಕಿಂಗ್ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಪ್ರೊಫೆಸರ್ ಡೊನಾಲ್ಡ್ ಶೂಪ್ ಅವರ ಲೆಕ್ಕದಲ್ಲಿ ಸುಮಾರು 85 ಶೇಕಡಾ ತುಂಬಿರುವ ಬೀದಿ ಸರಿಯಾಗಿ ನಡೆಯುವ ಬೀದಿ. ಅಂದರೆ ಏಳು ಜಾಗದಲ್ಲಿ ಒಂದು ಖಾಲಿ ಇದ್ದರೆ ಸಾಕು. ನಮ್ಮದು ಅಷ್ಟೂ ತುಂಬಿರಲಿಲ್ಲ. ಆದರೂ ಎಲ್ಲರೂ ಜಾಗ ಇಲ್ಲ ಅನ್ನುತ್ತಿದ್ದೆವು. ಯಾಕೆಂದರೆ ಖಾಲಿ ಎಲ್ಲಾ ಆ ಕೊನೆಯಲ್ಲಿತ್ತು. ನಮಗೆ ಬೇಕಿದ್ದದ್ದು ನಮ್ಮ ಗೇಟಿನ ಮುಂದಿನ ಜಾಗ.

ಇನ್ನೊಂದು ವಿಷಯ ಹೇಳಲೇಬೇಕು. ಹೊರಗಿನವರು ಬಂದು ನಮ್ಮ ಬೀದಿ ತುಂಬಿಸುತ್ತಾರೆ ಅಂತ ಮೊದಲ ಸಭೆಯಲ್ಲಿ ಗಟ್ಟಿಯಾಗಿ ಹೇಳಿದ್ದವನು ನಾನೇ. ಕೆಲಸದ ದಿನದ ಐದೂ ಸುತ್ತಿನಲ್ಲಿ ಅಲ್ಲಾಡದೆ ನಿಂತಿದ್ದ ಕಾರುಗಳು ಒಂಬತ್ತು. ಒಂಬತ್ತೂ ನಮ್ಮ ಬೀದಿಯವರದು. ಅದರಲ್ಲಿ ಒಂದು ನನ್ನದು. ಎರಡನೇ ಸಭೆಯಲ್ಲಿ ಇದನ್ನೇ ಮೊದಲು ಹೇಳಿದೆ. ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ನಮ್ಮ ಗ್ಯಾರೇಜ್ ತುಂಬಾ ಹಳೇ ಸಾಮಾನು ಇದೆ, ಖಾಲಿ ಮಾಡಿದರೆ ಕಾರು ಒಳಗೆ ಹೋಗುತ್ತೆ" ಅಂದರು. ಅದೇ ಮಾತು ಇನ್ನೂ ಮೂರು ಮನೆಯಿಂದ ಬಂತು. ನಾನು ಅಂಗಳದ ಹೂಕುಂಡಗಳನ್ನು ಸರಿಸಿ ನನ್ನ ಕಾರು ಒಳಗೆ ತಂದೆ. ಇನ್ನಿಬ್ಬರು ಹಾಗೆಯೇ ಮಾಡಿದರು. ಬೀದಿಯಿಂದ ಏಳು ಕಾರು ಹೀಗೆ ಹೋದವು.

ವೇಗ ಅಳೆಯೋದು ಇನ್ನೂ ಸುಲಭ. ರಸ್ತೆಯ ಅಂಚಿನಲ್ಲಿ 50 ಮೀಟರ್ ದೂರಕ್ಕೆ ಎರಡು ಸೀಮೆಸುಣ್ಣದ ಗೆರೆ. ವಾಹನ ಮೊದಲ ಗೆರೆ ದಾಟಿದಾಗ ಒಬ್ಬರು ಕೈ ಎತ್ತಬೇಕು, ಎರಡನೇ ಗೆರೆಯ ಹತ್ತಿರ ಇನ್ನೊಬ್ಬರು ಸ್ಟಾಪ್‌ವಾಚ್ ಹಿಡಿದಿರಬೇಕು. 6 ಸೆಕೆಂಡ್ ಆದರೆ ಗಂಟೆಗೆ 30 ಕಿಲೋಮೀಟರ್. 4 ಸೆಕೆಂಡ್ ಅಂದರೆ 45. 3.6 ಅಂದರೆ 50. ನಾವು ನೋಡಿದ 60 ವಾಹನಗಳಲ್ಲಿ 11 ವಾಹನ 4 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ದಾಟಿದವು.

45 ಏನು ಮಹಾ ವೇಗ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಅದಕ್ಕೆ ಎಲ್ಲರನ್ನೂ ಬೀದಿಗೇ ಕರೆದುಕೊಂಡು ಹೋದೆ. ಒಂದು ಗೆರೆಯಿಂದ ದೊಡ್ಡ ಹೆಜ್ಜೆ ಹಾಕುತ್ತಾ 13 ಮೀಟರ್ ಎಣಿಸಿ, ಅಲ್ಲಿ ನನ್ನ ಚಪ್ಪಲಿ ಬಿಟ್ಟೆ. ಗಂಟೆಗೆ 30ರಲ್ಲಿ ಬರುವ ಕಾರಿನ ಮುಂದೆ ಮಗು ಓಡಿ ಬಂದರೆ, ಡ್ರೈವರ್ ನೋಡಿ ಬ್ರೇಕ್ ಒತ್ತಿ ಕಾರು ಪೂರ್ತಿ ನಿಲ್ಲೋದು ಹೆಚ್ಚುಕಡಿಮೆ ಇಲ್ಲಿ. 50ರಲ್ಲಿ ಬರುವವನು ಮಗುವನ್ನು ನೋಡಿ ಬ್ರೇಕಿಗೆ ಕಾಲು ಇಡೋಕೆ ಒಂದು ಸೆಕೆಂಡ್ ತೆಗೆದುಕೊಂಡರೂ ಅಷ್ಟರಲ್ಲಿ 14 ಮೀಟರ್ ಮುಂದೆ ಬಂದಿರುತ್ತಾನೆ. ಅಂದರೆ ಮೊದಲನೆಯವನು ನಿಂತ ಜಾಗದಲ್ಲಿ ಎರಡನೆಯವನು ಇನ್ನೂ ಬ್ರೇಕೇ ಒತ್ತಿಲ್ಲ. ಚಪ್ಪಲಿಯನ್ನೇ ನೋಡುತ್ತಾ ಎಲ್ಲರೂ ನಿಂತಿದ್ದರು.

ನಮ್ಮ ನಿಜವಾದ ಆತಂಕ ಏನು ಅನ್ನೋದು ಸ್ಪಷ್ಟವಾಗಿದ್ದು ಅಲ್ಲೇ. ಈಗ ಎರಡು ಬದಿಯ ಕಾರುಗಳ ನಡುವೆ 3 ಮೀಟರ್ ಇದೆ, ಎದುರಿಂದಲೂ ವಾಹನ ಬರುತ್ತದೆ. ಅದಕ್ಕೇ ಹೆಚ್ಚಿನವರು ನಿಧಾನವಾಗಿ ಬರುತ್ತಾರೆ. ನೋಟಿಸ್‌ನಲ್ಲಿ ಹೇಳಿದಂತೆ ಮಾಡಿದರೆ 5 ಮೀಟರ್ ನೇರ ದಾರಿ, ಎದುರಿಂದ ಯಾರೂ ಇಲ್ಲ. ಎಂಥವರ ಕಾಲೂ ಆಕ್ಸಿಲರೇಟರ್ ಮೇಲೆ ಹೋಗುತ್ತದೆ. ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಲು ಇದೇ ಒಳದಾರಿ ಅಂತ ಗೊತ್ತಾದರೆ ಮುಗಿಯಿತು. ನಗರ ವಿನ್ಯಾಸದ ಪ್ರೊಫೆಸರ್ ಡೊನಾಲ್ಡ್ ಆಪಲ್‌ಯಾರ್ಡ್ ಎಂಬವರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಹೋಲಿಸಿ ನೋಡಿದ್ದರು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯವರಿಗೆ ತಮ್ಮ ಬೀದಿಯಲ್ಲೇ ಇದ್ದ ಸ್ನೇಹಿತರು, 16,000 ವಾಹನ ಓಡಾಡುವ ಬೀದಿಯವರಿಗಿಂತ ಮೂರು ಪಟ್ಟು. ಮಕ್ಕಳ ಆಟ, ಸಂಜೆಯ ಮಾತುಕತೆ ಎಲ್ಲಾ ಹೋಗುತ್ತೆ ಅಂತ ಹಿರಿಯರು ಹೇಳುತ್ತಿದ್ದದ್ದೂ ಇದನ್ನೇ ಅಲ್ವಾ?

ಹಾಗಾಗಿ "ಬೇಡ" ಅನ್ನುವ ಹಾಳೆ ಬಿಟ್ಟು ಬೇರೆ ಪತ್ರ ಬರೆದೆವು. ಒಂದೇ ಪುಟ, ಜೊತೆಗೆ ನಮ್ಮ ನಕ್ಷೆ. ಒನ್ ವೇಗೆ ಒಪ್ಪುತ್ತೇವೆ, ಸೈಕಲ್‌ಗಳಿಗೆ ಮಾತ್ರ ಎರಡೂ ಕಡೆ ಬಿಡಿ. ಒಂದು ಬದಿಯ ಪಾರ್ಕಿಂಗಿಗೂ ಒಪ್ಪುತ್ತೇವೆ, ಆದರೆ ಅರ್ಧ ಬೀದಿಗೆ ಈ ಬದಿ, ಉಳಿದರ್ಧಕ್ಕೆ ಆ ಬದಿ ಮಾಡಿ. ಆಗ ದಾರಿ ನೇರ ಇರುವುದಿಲ್ಲ, ನಡುವೆ ಬಳುಕುತ್ತದೆ, ವೇಗ ತಾನಾಗಿ ತಗ್ಗುತ್ತದೆ. ತಿರುವಿನಿಂದ 5 ಮೀಟರ್ ಯಾರೂ ನಿಲ್ಲಿಸದಂತೆ ಗೆರೆ ಎಳೆಯಿರಿ. ದಾಟುವ ಜಾಗದಲ್ಲಿ ಒಂದು ಹಂಪ್ ಹಾಕಿ. ಮೂರು ತಿಂಗಳು ನೋಡಿ, ಆಮೇಲೆ ಖಾಯಂ ಮಾಡಿ.

ಪತ್ರ ಕೊಡಲು ಹೋದಾಗ ಎಂಜಿನಿಯರ್‌ಗೆ ಇಷ್ಟವಾಗಿದ್ದು ಪತ್ರಕ್ಕಿಂತ ನಕ್ಷೆ. "ಬನ್ನಿ, ನಡೆದು ನೋಡೋಣ" ಅಂದರು. ಒಂದು ಗಂಟೆ ನಮ್ಮ ಜೊತೆ ನಡೆದರು. ಹಂಪ್‌ಗೆ ಒಪ್ಪಲಿಲ್ಲ. ಆಂಬ್ಯುಲೆನ್ಸ್‌ಗೆ ತೊಂದರೆ, ರಾತ್ರಿ ಸದ್ದು ಅಂದರು. ಅವರ ಮಾತಿನಲ್ಲೂ ಹುರುಳಿತ್ತು. ಉಳಿದದ್ದಕ್ಕೆಲ್ಲ ಸರಿ ಅಂದರು.

ಜಾಗ ಈಗ 16. ಒಳಗೆ ಹೋಗದ ಮೂರು ಕಾರು ಪಕ್ಕದ ಅಗಲ ರಸ್ತೆಯಲ್ಲಿ ನಿಲ್ಲುತ್ತವೆ. ಅವರಿಗೆ ಬೇಸರ ಇದೆ, ಅದನ್ನು ಇಲ್ಲ ಅನ್ನಲಾರೆ. ಎರಡು ತಿಂಗಳ ಮೇಲೆ ಅದೇ ಗೆರೆಗಳ ಮಧ್ಯೆ ಮತ್ತೆ 60 ವಾಹನ ನೋಡಿದೆವು. 4 ಸೆಕೆಂಡಿಗಿಂತ ಕಡಿಮೆ ಇದ್ದದ್ದು ಮೂರು.

ಆದರೆ ಅಜ್ಜಿಯ ಮನೆ ಪಾರ್ಕಿಂಗ್ ಇಲ್ಲದ ಬದಿಗೆ ಬಂತು. ಹತ್ತಿಸಿ ಇಳಿಸಲು ಹತ್ತು ನಿಮಿಷ ನಿಲ್ಲಿಸುವಂಥ ಗುರುತು ಅವರ ಗೇಟಿನ ಮುಂದೆ ಬೇಕು ಅಂತ ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ಮೊದಲ ದಿನವೇ ಅವರ ಮಗಳು ಕೇಳಿದ್ದ ಪ್ರಶ್ನೆ ಅದು. ನಾವು ಬಿಟ್ಟುಬಿಟ್ಟೆವು. ಆಸ್ಪತ್ರೆಗೆ ಹೋಗುವ ದಿನ ಎದುರು ಮನೆಯವರು ಹಿಂದಿನ ರಾತ್ರಿಯೇ ತಮ್ಮ ಕಾರು ತೆಗೆದು ಜಾಗ ಬಿಡುತ್ತಾರೆ. ಅಜ್ಜಿ ಬೀದಿ ದಾಟಿ ಹತ್ತಬೇಕು. ಅವರನ್ನು ಕೇಳಿಯೇ ಒಂದು ಸಲ ಸ್ಟಾಪ್‌ವಾಚ್ ಹಿಡಿದೆ. 7 ಮೀಟರ್‌ಗೆ 40 ಸೆಕೆಂಡ್. ಅಷ್ಟು ಹೊತ್ತಿನಲ್ಲಿ 30ರ ವೇಗದ ಕಾರು 330 ಮೀಟರ್ ಬರುತ್ತದೆ. ನಮ್ಮ ಬೀದಿಯೇ ಅಷ್ಟು ಉದ್ದ ಇಲ್ಲ. ಈ ಲೆಕ್ಕ ಬರೆದು ಎರಡನೇ ಪತ್ರ ಕೊಟ್ಟಿದ್ದೇವೆ. ಮೂರು ತಿಂಗಳು ಮುಗಿಯುವ ಮೊದಲು ಎಂಜಿನಿಯರ್ ಇನ್ನೊಮ್ಮೆ ಬರುತ್ತೇನೆ ಅಂದಿದ್ದಾರೆ.