‘ನ್ಯೂಫೌಂಡ್’ ಪದವನ್ನು ಯಾವಾಗ, ಹೇಗೆ ಬಳಸಬೇಕು?

ಕಲಬುರಗಿಯಲ್ಲಿ ನಾನು ಇಂಗ್ಲಿಷ್ ಹೇಳಿಕೊಡುವ ಹುಡುಗನೊಬ್ಬ ‘ಮೈ ನ್ಯೂಫೌಂಡ್ ಮೊಬೈಲ್’ ಎಂದು ಬರೆದಿದ್ದ. ಅದು ಹಿಂದಿನ ದಿನ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಮೊಬೈಲ್. ಓದಿದವರಿಗೆ ದಾರಿಯಲ್ಲಿ ಸಿಕ್ಕಿದ್ದು ಅನಿಸುತ್ತದೆ, ಅಲ್ವಾ? ಕೊಂಡಿದ್ದಕ್ಕೆ ‘ನ್ಯೂ’ ಸಾಕು.

ಮೊದಲು ಪದವನ್ನು ಬಿಡಿಸಿ ನೋಡಿ. ‘ನ್ಯೂ’ ಅಂದರೆ ಇಲ್ಲಿ ಹೊಸದಾಗಿ, ‘ಫೌಂಡ್’ ಅಂದರೆ ಸಿಕ್ಕ. ವಸ್ತು ಎಷ್ಟೇ ಹಳೆಯದಿರಲಿ, ಸಿಕ್ಕಿದ್ದು ಈಚೆಗೆ ಆಗಿರಬೇಕು. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನೇ ತಗೊಳ್ಳಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿ ಒಡೆಯಿತು. ಅದರ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ! ಎರಡೂ ಬದಿ ಬ್ರಾಹ್ಮಿ ಅಕ್ಷರ. ಮೂರ್ತಿ ಕೂರಿಸಲು ನಟ್ಟನಡುವೆ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋಗೇಬಿಟ್ಟಿವೆ. ಆ ಬರಹಕ್ಕೆ 2,200 ವರ್ಷ ದಾಟಿತ್ತು. ಆದರೂ ಅಂದಿನ ಸುದ್ದಿಯಲ್ಲಿ ‘ದ ನ್ಯೂಫೌಂಡ್ ಎಡಿಕ್ಟ್’ ಎಂದರೆ ಪೂರಾ ಸರಿ. ಇವತ್ತು ಹಾಗೆ ಬರೆಯಬೇಡಿ, ಸಿಕ್ಕಿ ಬಹಳ ವರ್ಷವಾಯಿತು.

ಆಮೇಲೆ ಜಾಗ. ‘ಹೊಸದಾಗಿ ಸಿಕ್ಕ ಶಾಸನ’ ಅನ್ನುತ್ತೇವೆ, ‘ಶಾಸನ ಹೊಸದಾಗಿ ಸಿಕ್ಕ’ ಅನ್ನುವುದಿಲ್ಲ. ಇದೂ ಹಾಗೇ, ನಾಮಪದಕ್ಕಿಂತ ಮೊದಲೇ ಬರಬೇಕು. ‘ದ ಎಡಿಕ್ಟ್ ಈಸ್ ನ್ಯೂಫೌಂಡ್’ ಕಿವಿಗೆ ಒಗ್ಗುವುದಿಲ್ಲ. ಅಲ್ಲಿ ‘ನ್ಯೂಲಿ ಡಿಸ್ಕವರ್ಡ್’ ಹಾಕಿ. ಬರೆಯುವಾಗ ಒಂದೇ ಪದವಾಗಿ ಬರೆಯಿರಿ. ಕೆಲವರು ನಡುವೆ ಅಡ್ಡಗೆರೆ ಹಾಕುತ್ತಾರೆ, ಅದೂ ನಡೆಯುತ್ತದೆ.

ಕಣ್ಣಿಗೆ ಕಾಣುವ ವಸ್ತುವಿಗಿಂತ ಮನಸ್ಸಿನ ಸಂಗತಿಗೇ ಈ ಪದ ಜಾಸ್ತಿ ಒಪ್ಪುತ್ತದೆ. ಜೇವರ್ಗಿ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲ್ ಸೇರಿದ ಹುಡುಗಿಯೊಬ್ಬಳು ಮೊದಲ ಸಲ ಒಬ್ಬಳೇ ಬ್ಯಾಂಕಿಗೆ ಹೋಗಿ ಖಾತೆ ತೆರೆದು ಬಂದಳು. ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದಳು, ದನಿ ನಡುಗಲಿಲ್ಲ. ಅವಳದು ‘ನ್ಯೂಫೌಂಡ್ ಕಾನ್ಫಿಡೆನ್ಸ್’. ಮೊದಲು ಇಲ್ಲದ್ದು ಈಗ ದಕ್ಕಿತು ಎಂಬ ಖುಷಿ ಈ ಪದದೊಳಗಿದೆ. ಸುಮ್ನೆ ‘ನ್ಯೂ’ ಅಂದರೆ ಅದು ಬರುವುದಿಲ್ಲ.

ಕೊನೆಗೆ, ಸಿಕ್ಕಿದ್ದು ಯಾರಿಗೆ ಎಂದು ಕೇಳಿಕೊಳ್ಳಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಆ ಹೆಸರು ಬಂದದ್ದು ಯುರೋಪಿನ ನಾವಿಕ ಜಾನ್ ಕ್ಯಾಬಟ್ 1497ರಲ್ಲಿ ಮಾಡಿದ ಪ್ರಯಾಣದ ನಂತರ. ಆದರೆ ಅಲ್ಲಿ ಜನ ಮೊದಲಿಂದಲೂ ಇದ್ದರು. ನಿಮ್ಮೂರಿನ ಬಾವಿಯನ್ನು ಯಾರಾದರೂ ‘ನ್ಯೂಫೌಂಡ್’ ಎಂದು ಬರೆದರೆ, ಅದರ ನೀರು ಸೇದಿದ ಅಜ್ಜಿಯನ್ನು ಒಮ್ಮೆ ವಿಚಾರಿಸಿ.