ಫಾಸ್ಫೇಟ್ ಇಲ್ದೆ ವಾಷಿಂಗ್ ಪೌಡರ್ ನಡಿಯಲ್ಲ ಅಂದ್ರು, ನಡೀತು – ನನ್ನ ಅನುಭವ

ಎಸ್‌ಟಿಪಿಪಿ (ಪೌಡರಿಗೆ ಹಾಕೋ ಫಾಸ್ಫೇಟ್, ನೀರಿನ ಗಡಸುತನ ಹಿಡಿಯೋದು) ತೆಗೆದು, ಹೊಳೆಗೆ ಕಮ್ಮಿ ಹಾನಿ ಆಗೋ ಪೌಡರ್ ಮಾಡ್ತೀನಿ ಅಂದಾಗ ನಮ್ಮ ಲೈನಿನೋರು ಒಬ್ರೂ ಒಪ್ಲಿಲ್ಲ. ಸ್ಲರಿ (ಕೊಳೆ ತೆಗೆಯೋ, ನೊರೆ ಬರಿಸೋ ಆಸಿಡ್ ದ್ರವ) ಕೊಡೋ ಡೀಲರ್ ಅಂತೂ "ಅದ್ರ ಬದ್ಲು ಇನ್ನೊಂಚೂರು ಉಪ್ಪು ಹೊಡೀರಿ ಸಾರ್, ರೇಟಾದ್ರೂ ಇಳಿಯುತ್ತೆ, ಹೊಳೆ ಗಿಳೆ ಎಲ್ಲ ಗೌರ್ಮೆಂಟ್ ನೋಡ್ಕೊಳ್ಳುತ್ತೆ" ಅಂದ್ರು. ಈಗ ಎರಡು ವರ್ಷದ ಮೇಲಾಯ್ತು, ತಿಂಗಳಿಗೆ ಹೆಚ್ಚುಕಮ್ಮಿ ಆರೇಳು ಟನ್ ಅದೇ ಪೌಡರ್ ನಂಜನಗೂಡು, ಟಿ. ನರಸೀಪುರ, ಗುಂಡ್ಲುಪೇಟೆ ಕಡೆ ಹೋಗ್ತಿದೆ, ರಿಟರ್ನ್ ಬಹುತೇಕ ಇಲ್ಲ. ಅವತ್ತು ತಲೆ ಅಲ್ಲಾಡಿಸಿದೋರಲ್ಲಿ ಇಬ್ರು ಈಗ ಫಾರ್ಮುಲಾ ಕೇಳ್ತಿದಾರೆ, ಅದಕ್ಕೇ ಇದನ್ನ ಬರೀತಿರೋದು. ಪೂರ್ತಿ ಫಾರ್ಮುಲಾ ಕೊಡಲ್ಲ, ಅದು ನನ್ನ ಅನ್ನ. ಆದ್ರೆ ಎಲ್ಲಿ ಕೈ ಸುಡುತ್ತೆ ಅನ್ನೋದು ಹೇಳ್ತೀನಿ.

ನಮ್ಮದು ರಿಬ್ಬನ್ ಬ್ಲೆಂಡರಲ್ಲಿ ಪುಡಿ ಕಲಸೋ ಯೂನಿಟ್ಟು, ಬಿಸಿ ಗಾಳೀಲಿ ಒಣಗಿಸೋ ಸ್ಪ್ರೇ ಡ್ರೈಯರ್ ಎಲ್ಲ ಇಲ್ಲ. ಹಳೇ ಪೌಡರಲ್ಲಿ ಸ್ಲರಿ 14 ಪರ್ಸೆಂಟ್, ಎಸ್‌ಟಿಪಿಪಿ 12, ಉಪ್ಪು ಮತ್ತೆ ಗ್ಲಾಬರ್ ಸಾಲ್ಟ್ (ತೂಕಕ್ಕೆ ಹಾಕೋ ಸೋಡಿಯಂ ಸಲ್ಫೇಟ್) ಸೇರಿ ಕಾಲು ಭಾಗ, ಉಳಿದಿದ್ದು ಸೋಡಾ (ಸೋಡಾ ಆ್ಯಶ್) ಮತ್ತೆ ಚಿಲ್ರೆ ಪಲ್ರೆ. ಒಂದಿನ ಸುಮ್ನೆ ಕೂತು ಲೆಕ್ಕ ಹಾಕ್ದೆ. ಟನ್ನಿಗೆ 120 ಕೆಜಿ ಎಸ್‌ಟಿಪಿಪಿ, ಅದರಲ್ಲಿ ಕಾಲು ಭಾಗ ರಂಜಕ (ಫಾಸ್ಫರಸ್), ಅಂದ್ರೆ 30 ಕೆಜಿ. ಐವತ್ತು ಕೆಜಿ ಡಿಎಪಿ ಗೊಬ್ಬರದ ಮೂಟೇಲಿರೋ ರಂಜಕ ಹತ್ತು ಕೆಜಿ. ಹಂಗಾದ್ರೆ ನನ್ನ ಒಂದು ಟನ್ ಪೌಡರ್ ಅಂದ್ರೆ ಮೂರು ಮೂಟೆ ಡಿಎಪಿ ಚರಂಡಿಗೆ ಸುರಿದ ಹಾಗೆ, ಆ ಚರಂಡಿ ಗುಂಡ್ಲು ಹೊಳೆಗೆ, ಗುಂಡ್ಲು ಹೊಳೆ ನಂಜನಗೂಡಲ್ಲಿ ಕಪಿಲೆಗೆ. ಹೊಳೇಲಿ ಅಂತರಗಂಗೆ ಕಳೆ ಯಾಕೆ ಹಂಗೆ ಹಬ್ಬುತ್ತೆ ಅಂತ ಆಮೇಲೆ ಯಾರನ್ನೂ ಕೇಳೋ ಅಗತ್ಯ ಬರ್ಲಿಲ್ಲ. ಬೆಳ್ಳಂದೂರು ಕೆರೆ ನೊರೆ ರೋಡಿಗೆ ಹಾರಿದಾಗ ಎಲ್ರೂ ಸ್ಲರಿಗೇ ಬೈದ್ರು, ನೊರೆ ಕಣ್ಣಿಗೆ ಕಾಣುತ್ತಲ್ಲ, ಅದಕ್ಕೆ. ಲೀನಿಯರ್ ಸ್ಲರಿ ಗಾಳಿಯಾಡೋ ನೀರಲ್ಲಿ ಕೊಳೆತು ಹೋಗುತ್ತೆ, ರಂಜಕ ಎಲ್ಲೂ ಹೋಗಲ್ಲ, ಕೆಸರಲ್ಲಿ ಕೂತಿರುತ್ತೆ, ಮತ್ತೆ ಮೇಲೆ ಬರುತ್ತೆ.

ಮೊದ್ಲು ಎಸ್‌ಟಿಪಿಪಿ ತೆಗೆದು ಆ ಜಾಗಕ್ಕೆ ಸೋಡಾನೇ ಹಾಕಿ ನೋಡಿದ್ವಿ. ಪೌಡರ್ ಒಣಗ್ಲೇ ಇಲ್ಲ. ನೀರನ್ನ ಒಳಗೆ ಕಟ್ಟಿ ಹಾಕ್ಕೊಂಡು ಪೌಡರ್ ಗರಿಗರಿ ಇಡ್ತಿದ್ದದ್ದು ಎಸ್‌ಟಿಪಿಪಿನೇ, ಅದು ಹೋದ್ಮೇಲೆ ರಾತ್ರಿ ಹರಡಿ ಬಿಟ್ರೂ ಬೆಳಿಗ್ಗೆ ಕೈಗೆ ಮೆತ್ತಿಕೊಳ್ತಿತ್ತು, ಜರಡಿ ಹಿಡಿಯೋ ಹುಡುಗ್ರು ಬೈಕೊಂಡೇ ಕೆಲಸ ಮಾಡಿದ್ರು. ಹಗುರ ಪುಡಿಯ ಲೈಟ್ ಸೋಡಾಗೆ ಬದಲಾಯಿಸಿದ್ಮೇಲೆ ಸ್ವಲ್ಪ ಸರಿ ಹೋಯ್ತು, ಡೆನ್ಸ್ ಸೋಡಾ ಸ್ಲರಿ ಕುಡಿಯಲ್ಲ. ಆ ಮಾಲನ್ನ ಗುಂಡ್ಲುಪೇಟೆ ಕಡೆ ಬಿಟ್ವಿ, ಅಲ್ಲಿ ಬೋರ್‌ವೆಲ್ ನೀರು, ಟೆಸ್ಟ್ ಕಿಟ್ಟಲ್ಲಿ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಮೇಲೇ ತೋರಿಸುತ್ತೆ. ಒಗೀತಾ ಒಗೀತಾ ಬಿಳಿ ಪಂಚೆ ಬೂದಿ ಬಣ್ಣ, ಟವಲ್ ಹಪ್ಪಳ. ಸೋಡಾ ನೀರಲ್ಲಿರೋ ಕ್ಯಾಲ್ಸಿಯಂ ಹಿಡಿದು ಸುಣ್ಣ ಮಾಡಿ ಬಟ್ಟೆ ಮೇಲೇ ಕೂರಿಸಿಬಿಡುತ್ತೆ. ಮೂಟೆ ಮೂಟೆ ವಾಪಸ್ ಬಂತು, ಆಗ ಕಳ್ಕೊಂಡಿದ್ದು ಅಂದಾಜು ಅರವತ್ತು ಎಪ್ಪತ್ತು ಸಾವಿರ. ಮನೇಲಿ ಹೇಳಿದ್ದು ಮೂವತ್ತು.

ಆಮೇಲೆ ಜಿಯೋಲೈಟ್ 4ಎ, ನೀರಿನ ಕ್ಯಾಲ್ಸಿಯಂ ತನ್ನ ಗೂಡಲ್ಲಿ ಹಿಡ್ಕೊಳ್ಳೋ ಬಿಳಿ ಪುಡಿ. ಇದು ನಮ್ಮ ಲೈನಲ್ಲಿ ಎಲ್ರಿಗೂ ಗೊತ್ತಿರೋದೇ, ಆದ್ರೆ ನಮ್ಮ ಥರ ಡ್ರೈ ಮಿಕ್ಸ್ ಮಾಡೋರು ಯಾಕೆ ಒಂದು ಸಲ ಹಾಕಿ ಬಿಟ್ಟುಬಿಡ್ತಾರೆ ಅಂದ್ರೆ, ಸೋಡಾ ಜೊತೆ ಜಿಯೋಲೈಟೂ ಬ್ಲೆಂಡರಿಗೆ ಸುರಿದು ಮೇಲಿಂದ ಸ್ಲರಿ ಬಿಡ್ತಾರೆ. ಸ್ಲರಿ ಆಸಿಡ್ಡು. ಜಿಯೋಲೈಟ್ ಆಸಿಡ್ ತಡ್ಕೊಳಲ್ಲ, ಅದರ ಗೂಡೇ ಕುಸಿದು ಹೋಗುತ್ತೆ, ಆಮೇಲೆ ಅದು ಬರೀ ಬಿಳಿ ಧೂಳು, ಕೆಜಿಗೆ ಐವತ್ತು ರೂಪಾಯಿ ಕೊಟ್ಟು ತಂದ ಧೂಳು. ಸ್ಲರಿ ಸೋಡಾ ಜೊತೆ ಸೇರಿ ಪೂರ್ತಿ ನ್ಯೂಟ್ರಲ್ ಆಗಿ (ಆಸಿಡ್ ಗುಣ ಹೋಗಿ), ಬಿಸಿ ಇಳಿದು, ಪಿಎಚ್ ಪೇಪರಲ್ಲಿ ನೋಡ್ಕೊಂಡು ಆಮೇಲೆ ಜಿಯೋಲೈಟ್ ಹಾಕ್ಬೇಕು. ಇಷ್ಟು ಮಾಡಿದ್ರೆ ಇನ್ನೊಂದು ಲಾಭ, ಅಂಟಂಟು ಎಲ್ಲ ಅದೇ ಹೀರ್ಕೊಂಡು ಪೌಡರ್ ಮರಳಿನ ಥರ ಜಾರುತ್ತೆ, ಎಸ್‌ಟಿಪಿಪಿ ಇದ್ದಾಗಲೂ ಅಷ್ಟು ಚೆನ್ನಾಗಿರ್ಲಿಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ಕಪ್ಪು ಬುರ್ಖಾ, ಪೊಲೀಸ್ ಪ್ಯಾಂಟು, ಸ್ಕೂಲ್ ನೀಲಿ ಲಂಗ, ಇವುಗಳ ಮೇಲೆ ಬಿಳಿ ಚುಕ್ಕೆ ಬರ್ತಿದೆ ಅಂತ ಕಂಪ್ಲೇಂಟು. ಒಂದು ಲಂಗ ತಂದು ಭೂತಗನ್ನಡೀಲಿ ನೋಡಿದ್ರೆ ಹೊಲಿಗೆ ಸಂದಿಲೆಲ್ಲ ಸಣ್ಣ ಸಣ್ಣ ಗಂಟು. ನಾವು ವಾಷಿಂಗ್ ಮೆಷಿನ್ನಿಗೆ ತುಕ್ಕು ಹಿಡೀದೇ ಇರ್ಲಿ ಅಂತ ಸಿಲಿಕೇಟ್ ಕೈಬಿಚ್ಚಿ ಹಾಕ್ತಿದ್ವಿ, ಸಿಲಿಕೇಟೂ ಜಿಯೋಲೈಟೂ ಸೇರಿ ಗಂಟು ಕಟ್ಕೊಂಡು ಕರಗ್ತಿರ್ಲಿಲ್ಲ. ಮೇಲಾಗಿ ಆ ಕಡೆ ನೀರು ನಾಕು ದಿನಕ್ಕೊಮ್ಮೆ ಬಿಡೋದು, ಜಾಲಿಸೋಕೆ ಒಂದೇ ಬಕೆಟ್ಟು. ಮೂರು ಸಲ ಜಾಲಿಸಿ ಅಂತ ಪ್ಯಾಕೆಟ್ ಮೇಲೆ ಬರೆದ್ರೆ ಯಾರು ಓದ್ತಾರೆ, ಓದಿದ್ರೂ ನೀರೆಲ್ಲಿ. ಸಿಲಿಕೇಟ್ ಇಳಿಸಿದ್ವಿ, ಜಿಯೋಲೈಟ್ 16 ಇದ್ದದ್ದು 10ಕ್ಕೆ ತಂದ್ವಿ, ಸೋಡಿಯಂ ಸಿಟ್ರೇಟ್ ಒಂದು ನಾಕು ಪರ್ಸೆಂಟ್ ಸೇರಿಸಿದ್ವಿ. ತಣ್ಣೀರಲ್ಲಿ ಜಿಯೋಲೈಟ್ ನಿಧಾನ, ಅಷ್ಟ್ರಲ್ಲಿ ಸೋಡಾ ಸುಣ್ಣ ಮಾಡಿ ಮುಗಿಸಿರುತ್ತೆ, ಸಿಟ್ರೇಟ್ ಮೊದ್ಲೇ ಕರಗಿ ಕ್ಯಾಲ್ಸಿಯಂ ಹಿಡ್ಕೊಂಡ್ರೆ ಮಾತ್ರ ಕೆಲಸ ಆಗೋದು. ಸಿಟ್ರೇಟನ್ನ ಯಾವಾಗ, ಯಾವ ರೂಪದಲ್ಲಿ ಹಾಕ್ತೀನಿ ಅನ್ನೋದು ಮಾತ್ರ ಇಲ್ಲಿ ಬರಿಯಲ್ಲ. ಸಿಎಂಸಿ (ಬಿಟ್ಟ ಕೊಳೆ ಮತ್ತೆ ಬಟ್ಟೆಗೆ ಕೂರದ ಹಾಗೆ ತಡೆಯೋ ಪುಡಿ) ನೂರು ಕೆಜಿಗೆ ಅರ್ಧ ಕೆಜಿ ಜಾಸ್ತಿ ಮಾಡಿ, ಅದರಲ್ಲಿ ಜಿಪುಣತನ ಬೇಡ.

ಆದ್ರೆ ದುಡ್ಡು ಉಳಿದದ್ದು ಇದ್ರಿಂದಲ್ಲ. ನೂರು ಕೆಜಿಗೆ ಎಸ್‌ಟಿಪಿಪಿ ಖರ್ಚು ಸುಮಾರು 1200 ಆಗ್ತಿತ್ತು, ಹೊಸ ಸಾಮಾನೆಲ್ಲ ಸೇರಿ ಸಾವಿರದ ಹತ್ರ, ಕೆಜಿಗೆ ಎರಡು ರೂಪಾಯಿ ಅಷ್ಟೇ. ದುಡ್ಡು ಉಳಿದಿದ್ದು ಪೌಡರನ್ನ ಎರಡು ಮಾಡಿದಾಗ. ನರಸೀಪುರದೋನಿಗೂ ಗುಂಡ್ಲುಪೇಟೆಯೋನಿಗೂ ಒಂದೇ ಪೌಡರ್ ಯಾಕೆ ಕೊಡ್ಬೇಕು? ಹೊಳೆ ನೀರು, ಕಬಿನಿ ನಲ್ಲಿ ನೀರು ಮೆದು, ಅಲ್ಲಿ ಅಷ್ಟು ಬಿಲ್ಡರ್ (ಗಡಸುತನ ಹಿಡಿಯೋ ಸಾಮಾನು) ಹಾಕೋದೇ ದಂಡ. ಹಸಿರು ಮುಚ್ಚಳದ್ದು ಹೊಳೆ ನೀರಿಗೆ, ನೀಲಿ ಮುಚ್ಚಳದ್ದು ಬೋರ್ ನೀರಿಗೆ. ಹಸಿರಲ್ಲಿ ಸಿಟ್ರೇಟ್ ಇಲ್ಲ, ಜಿಯೋಲೈಟೂ ಪೌಡರ್ ಉದುರುದುರಾಗಿರೋಕೆ ಎಷ್ಟು ಬೇಕೋ ಅಷ್ಟೇ. ಅದ್ರಲ್ಲಿ ಕೆಜಿಗೆ ಒಂಬತ್ತು ಹತ್ತು ರೂಪಾಯಿ ಉಳೀತು. ಹೊಳೆ ಪಕ್ಕ ಇರೋರು ವಾಪರಿಸೋದೂ ಅದೇ, ಹಂಗಾಗಿ ಸೀದಾ ಹೊಳೆಗೆ ಹೋಗೋ ಕೆಮಿಕಲ್ಲೂ ಕಮ್ಮಿ.

ಆ ಉಳಿದ ದುಡ್ಡಲ್ಲಿ ಉಪ್ಪು ತೆಗೆದೆ. ಎಲ್ರೂ ಹುಚ್ಚು ಅಂದಿದ್ದು ಇದಕ್ಕೇ, ಯಾಕಂದ್ರೆ ಉಪ್ಪು ಕೆಜಿ ಐದಾರು ರೂಪಾಯಿ, ನಾವು ಮಾರೋದು ಅರವತ್ತಕ್ಕೆ. ಆದ್ರೆ ಉಪ್ಪು ಬಟ್ಟೆಗೂ ಏನೂ ಮಾಡಲ್ಲ, ಎಸ್‌ಟಿಪಿಲೂ ಹೋಗಲ್ಲ (ಇದು ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ, ಕನ್ಫ್ಯೂಸ್ ಆಗ್ಬೇಡಿ), ಸೀದಾ ಹೊಳೆಗೋ ಅಂತರ್ಜಲಕ್ಕೋ ಹೋಗುತ್ತೆ. ತೆಗೆದ್ಮೇಲೆ ಪೌಡರ್ ಸ್ಟ್ರಾಂಗಾಯ್ತು, ಜನ ಮಾತ್ರ ಮೊದ್ಲಿನ ಹಂಗೇ ಮುಷ್ಟಿ ಮುಷ್ಟಿ ಹಾಕೋದು, ಬೇಗ ಖಾಲಿ ಆಗುತ್ತೆ ಅನ್ನೋ ಗಲಾಟೆ. ಕಡಿಮೆ ಹಾಕಿ ಅಂತ ಬೋರ್ಡು, ಕರಪತ್ರ, ಆಟೋದಲ್ಲಿ ಮೈಕು ಎಲ್ಲ ಆಯ್ತು, ಸಾಲದು. ಕೊನೆಗೆ ಚಮಚ ಕೊಟ್ವಿ. ಹದಿನೈದು ಗ್ರಾಂ ಹಿಡಿಯೋ ಅಗಲ ಬಾಯಿ ಚಮಚ, ತುಂಬಿದ್ರೆ ಗೋಪುರದ ಥರ ಕಾಣ್ಬೇಕು, ಆದ್ರೆ ಒಳಗೆ ಆಳ ಇಲ್ಲ. ಒಂದು ಬಕೆಟ್ಟಿಗೆ ಎರಡು ಚಮಚ. ಒಂದೂವರೆ ರೂಪಾಯಿ ಚಮಚ ಮಾಡಿದ ಕೆಲಸ ಮೈಕ್ ಮಾಡ್ಲಿಲ್ಲ.

ಪ್ಯಾಕಿಂಗ್ ಕಥೆ ಬೇರೇನೇ ಇದೆ. ಲ್ಯಾಮಿನೇಟೆಡ್ ಪೌಚು ಕೆಜಿಗೆ ನಾಕೈದು ರೂಪಾಯಿ ತಿನ್ನುತ್ತೆ, ಗುಜರಿಯೋನೂ ತಗೊಳಲ್ಲ, ಸೋಪಾನಕಟ್ಟೆ ಮೆಟ್ಲ ಮೇಲೇ ಬಿದ್ದಿರುತ್ತೆ. ಪೇಪರ್ ಕವರ್ ಮಾಡಿದ್ವಿ, ಆಷಾಢದ ಗಾಳಿಗೇ ಕಲ್ಲಾಯ್ತು. ಆಮೇಲೆ 20 ಕೆಜಿ ಡ್ರಮ್ಮಲ್ಲಿ ಅಂಗಡಿಗೇ ಕೊಡೋದು, ಗಿರಾಕಿ ಡಬ್ಬ ತಂದು ತುಂಬಿಸ್ಕೊಳ್ಳೋದು ಅಂತ ಶುರು ಮಾಡಿದ್ವಿ. ಡ್ರಮ್ಮಿಗೆ ಡಿಪಾಸಿಟ್ 250, ಅಂಗಡಿಯೋನ ಮಾರ್ಜಿನ್ ನಾಕು ಇದ್ದದ್ದು ಏಳು ಮಾಡಿದ್ವಿ. ಚೆನ್ನಾಗೇ ಹೋಗ್ತಿತ್ತು, ಇದ್ದಕ್ಕಿದ್ದಂಗೆ ಒಂದು ಊರಿಂದ ಮಾತ್ರ ಕೊಳೆ ಹೋಗಲ್ಲ ಅಂತ ದೂರು. ನೋಡಿದ್ರೆ ನಾನು ತೆಗೆದ ಉಪ್ಪನ್ನ ಅಂಗಡಿಯೋನು ವಾಪಸ್ ಸೇರಿಸಿದಾನೆ! ಈಗ ನಮ್ಮ ಬಣ್ಣದ ಚುಕ್ಕೀಲಿ ಒಂದು ಉಪಾಯ ಇದೆ, ಒಂದು ಹಿಡಿ ಪೌಡರ್ ಬಿಳಿ ತಟ್ಟೇಲಿ ಹರಡಿದ್ರೆ ಕಲಬೆರಕೆ ಆಗಿದ್ಯೋ ಇಲ್ವೋ ನಮ್ಮ ಸೇಲ್ಸ್ ಹುಡುಗ ಅಲ್ಲೇ ಹೇಳ್ತಾನೆ. ಏನದು ಅಂತ ಕೇಳ್ಬೇಡಿ.

ಮಧ್ಯದಲ್ಲಿ ಅಂಟುವಾಳದ ಹುಚ್ಚೂ ಹಿಡಿದಿತ್ತು. ನ್ಯಾಚುರಲ್ ಅಂತ ಬೋರ್ಡ್ ಹಾಕ್ಬೋದಲ್ಲ. ಪುಡಿ ಮಾಡಿ ಐದು ಪರ್ಸೆಂಟ್ ಸೇರಿಸಿದ್ರೆ ಬಿಳಿ ಬಟ್ಟೆಗೆ ಹಳದಿ ಛಾಯೆ, ಕಷಾಯ ಕಾಯಿಸಿ ಇಟ್ರೆ ಬೂಷ್ಟು. ಮೇಲಾಗಿ ಅದರಲ್ಲಿ ನೊರೆ ಬರಿಸೋ ಸಪೋನಿನ್ ಮೀನಿಗೆ ವಿಷ. ಗಿಡದಿಂದ ಬಂದದ್ದು ಅಂದ ತಕ್ಷಣ ಹೊಳೆಗೆ ಒಳ್ಳೇದು ಅನ್ನೋರು ಇದನ್ನ ಸ್ವಲ್ಪ ಯೋಚಿಸ್ಬೇಕು. ರೈಸ್ ಮಿಲ್ ಹೊಟ್ಟಿನ ಬೂದಿಗೆ ಕಾಸ್ಟಿಕ್ ಹಾಕಿ ಕುದಿಸಿ ಸಿಲಿಕೇಟ್ ನಾವೇ ಮಾಡೋಣ ಅಂತಲೂ ಹೋದ್ವಿ, ಆಯ್ತು ಕೂಡ, ಆದ್ರೆ ಸುಡದೇ ಉಳಿದ ಇದ್ದಿಲಿಂದ ಡಿಕಾಕ್ಷನ್ ಬಣ್ಣ, ಸೋಸೋ ಖರ್ಚಲ್ಲಿ ಅಂಗಡೀದೇ ವಾಸಿ.

ಬ್ಲೆಂಡರ್ ತೊಳೆದ ನೀರು ಮಾತ್ರ ಈಗ ಹೊರಗೆ ಬಿಡಲ್ಲ. ಡ್ರಮ್ಮಲ್ಲಿ ಹಿಡಿದಿಟ್ಟು ಸಿಲಿಕೇಟ್ ತೆಳು ಮಾಡೋಕೆ ಅದನ್ನೇ ಹಾಕ್ತೀವಿ, ಹಸಿರಿನ ನೀರು ಹಸಿರಿಗೆ, ನೀಲೀದು ನೀಲಿಗೆ.

ಸಿಗದೇ ಇರೋದು ಸ್ನಾನಘಟ್ಟದ ಗಿರಾಕಿ. ಅವರು ಡಬ್ಬ ತರಲ್ಲ, ಅವರಿಗೆ ಸ್ಯಾಷೆನೇ ಬೇಕು. 2025ರ ಮಾರ್ಚಲ್ಲಿ ಸಚಿವ ಈಶ್ವರ ಖಂಡ್ರೆಯೋರು ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಸೋಪು ಶಾಂಪೂ ಮಾರೋದು ನಿಲ್ಲಿಸಿ ಅಂತ ಸೂಚನೆ ಕೊಟ್ಮೇಲೆ ಆ ಕಡೆ ನನ್ನ ಚಿಕ್ಕ ಪ್ಯಾಕೆಟ್ ಪೂರ್ತಿ ಬಂದ್ ಮಾಡ್ದೆ. ಸಂತೇಲಿ ಹೋಗೋ ಹತ್ತು ರೂಪಾಯಿ ಪೌಚ್ ಇನ್ನೂ ಇದೆ, ಅದರ ಬದ್ಲು ಪೇಪರ್ ಸುತ್ತಿದ ಚಿಕ್ಕ ಬಿಲ್ಲೆ ಒತ್ತಿಸ್ತಿದೀನಿ, ಒಂದು ಬಿಲ್ಲೆ ಒಂದು ಬಕೆಟ್ಟು. ಒತ್ತೋ ಅಚ್ಚಿಗೇ (ಡೈ) ನಲವತ್ತು ಸಾವಿರದ ಹತ್ರ ಆಗಿದೆ. ಗಟ್ಟಿ ಒತ್ತಿದ್ರೆ ಕರಗಲ್ಲ, ಮೆತ್ತಗೆ ಒತ್ತಿದ್ರೆ ಲಗೇಜ್ ಆಟೋದಲ್ಲೇ ಪುಡಿಯಾಗುತ್ತೆ. ಬಿಲ್ಲೆ ಪುಡಿಯಾಗದ ಹಾಗೆ ಹಿಡಿದಿಡೋ ಬೈಂಡರ್ ವಿಷ್ಯದಲ್ಲಿ ಯಾರಿಗಾದ್ರೂ ಅನುಭವ ಇದ್ರೆ ಹೇಳಿ, ಬದ್ಲಿಗೆ ಸಿಟ್ರೇಟ್ ವಿಷ್ಯ ಬಾಯ್ಬಿಡೋದು ಯೋಚಿಸ್ತೀನಿ.