ಕಡಲ ಪಕ್ಕದ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ

ಮಂಗಳೂರಿನ ನಮ್ಮ ಮನೆಯಿಂದ ಪಣಂಬೂರು ಕಡಲತೀರಕ್ಕೆ ಹೆಚ್ಚು ದೂರವಿಲ್ಲ. ಆದ್ದರಿಂದ ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂದು ನಾನು ಹೇಳಿದಾಗ, ಕಡಲೇ ಪಕ್ಕದಲ್ಲಿರುವಾಗ ದುಬಾರಿ ಉಪ್ಪನ್ನು ಹಣ ಕೊಟ್ಟು ತರುವುದೇಕೆ ಎಂದು ಅಮ್ಮ ಕೇಳಿದ್ದು ಸಹಜವೇ ಆಗಿತ್ತು. ನನ್ನ ಉತ್ತರ ಅಂದಿಗೂ ಇಂದಿಗೂ ಒಂದೇ. ಅಂಗಡಿಯಲ್ಲಿ ಕಾಣುವ ಬಣ್ಣದ ಮೀನುಗಳು ಹವಳದ ದಿಬ್ಬಗಳ ತಿಳಿನೀರಿನವು. ನೇತ್ರಾವತಿ ಮತ್ತು ಗುರುಪುರ ನದಿಗಳು ಬಂದು ಸೇರುವ ನಮ್ಮ ತೀರದ ನೀರು ಆ ಜಾತಿಯದಲ್ಲ. ಮಳೆಗಾಲದಲ್ಲಿ ಇಲ್ಲಿಯ ತೀರದ ನೀರಿನ ಉಪ್ಪಿನಂಶ ತೀರಾ ಇಳಿದುಹೋಗುತ್ತದೆ, ಕೆಸರು ತುಂಬುತ್ತದೆ, ಬಂದರಿನ ಸುತ್ತ ಡೀಸೆಲಿನ ಪಸೆಯೂ ಇರುತ್ತದೆ. ಇಂದು ತಂದ ನೀರು ನಾಳಿನ ನೀರಿನಂತಿರುವುದಿಲ್ಲ ಎಂಬುದೇ ಇಲ್ಲಿನ ದೊಡ್ಡ ತೊಡಕು, ಏಕೆಂದರೆ ಈ ಮೀನುಗಳಿಗೆ ಬೇಕಾಗಿರುವುದು ಬದಲಾಗದ ನೀರು.

ತೊಟ್ಟಿಯನ್ನು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರಕ್ಕೆ, 12 ಮಿಲಿಮೀಟರ್ ಗಾಜಿನಲ್ಲಿ ಮಾಡಿಸಿದೆ. ಅದರ ಕೆಳಗೆ ಸ್ಟ್ಯಾಂಡಿನೊಳಗೆ ಒಂದು ಸಂಪ್ ತೊಟ್ಟಿಯಿದ್ದು, ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್, ಹೀಟರ್ ಮತ್ತು ನೀರನ್ನು ಮೇಲೆ ಕಳಿಸುವ ಪಂಪುಗಳೆಲ್ಲ ಅಲ್ಲಿವೆ. ಎರಡೂ ಸೇರಿ ಸುಮಾರು 280 ಲೀಟರ್ ನೀರು. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲವನ್ನೂ ಲೆಕ್ಕ ಹಾಕಿದರೆ ಒಟ್ಟು ಭಾರ 450 ಕಿಲೋ ಹತ್ತಿರವಾಗುತ್ತದೆ. ನಮ್ಮದು ನೆಲಮಹಡಿಯಾದ್ದರಿಂದ ಆ ಚಿಂತೆ ಇರಲಿಲ್ಲ. ಮಹಡಿಯಲ್ಲಿ ಇಡುವವರು ಕೋಣೆಯ ನಡುವೆ ಇಡದೆ, ಕೆಳಗೆ ಬೀಮ್ ಇರುವ ಗೋಡೆಯ ಪಕ್ಕದಲ್ಲಿ ಇಡಬೇಕು, ಅದಕ್ಕೂ ಮೊದಲು ಎಂಜಿನಿಯರೊಬ್ಬರನ್ನು ಕೇಳಬೇಕು. ಸ್ಟ್ಯಾಂಡಿಗೆ ಕಬ್ಬಿಣದ ಚೌಕ ಪೈಪನ್ನು ಬೆಸೆಸಿ ಎಪಾಕ್ಸಿ ಬಣ್ಣ ಹೊಡೆಸಿದೆ. ಕರಾವಳಿಯ ಗಾಳಿಗೇ ತುಕ್ಕು ಹಿಡಿಯುವ ಕಬ್ಬಿಣದ ಮೇಲೆ ಉಪ್ಪುನೀರೂ ಚಿಮ್ಮುತ್ತಿದ್ದರೆ ಸಾಮಾನ್ಯ ಬಣ್ಣ ನಿಲ್ಲುವುದಿಲ್ಲ.

ಉಪ್ಪನ್ನು ಕಲಸುವ ಸಿಹಿನೀರಿನ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ. ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿನೀರಾಗಲಿ, ಮುರಕಲ್ಲಿನ ಬಾವಿಯ ನೀರಾಗಲಿ ಕುಡಿಯಲು ಒಳ್ಳೆಯದಿರಬಹುದು, ಆದರೆ ಅದರಲ್ಲಿರುವ ಸಿಲಿಕೇಟ್, ನೈಟ್ರೇಟ್, ಕ್ಲೋರಿನ್‌ಗಳೆಲ್ಲ ತೊಟ್ಟಿಯಲ್ಲಿ ಪಾಚಿಗೋ ವಿಷಕ್ಕೋ ದಾರಿಯಾಗುತ್ತವೆ. ಅಡುಗೆಮನೆಯ ಆರ್‌ಓ ಯಂತ್ರವೂ ಇದಕ್ಕೆ ಆಗುವುದಿಲ್ಲ, ಏಕೆಂದರೆ ಅಂಥ ಹಲವು ಯಂತ್ರಗಳು ರುಚಿಗಾಗಿ ಸ್ವಲ್ಪ ಶುದ್ಧೀಕರಿಸದ ನೀರನ್ನೇ ಮತ್ತೆ ಬೆರೆಸುತ್ತವೆ. ಆರ್‌ಓ ಆದ ಮೇಲೆ ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ ಮೂಲಕವೂ ಹಾಯ್ದು, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರನ್ನೇ ನಾನು ಬಳಸುತ್ತೇನೆ. ಲೀಟರಿಗೆ 36 ಗ್ರಾಂ ಲೆಕ್ಕದಲ್ಲಿ, ಮೊದಲ ಸಲ ಸುಮಾರು 10 ಕಿಲೋ ಅಕ್ವೇರಿಯಂ ಉಪ್ಪು ಬೇಕಾಯಿತು. ಅದನ್ನು ಬೇರೆ ಡ್ರಮ್ಮಿನಲ್ಲಿ ಪಂಪ್ ಇಟ್ಟು ರಾತ್ರಿಯಿಡೀ ಕಲಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾವಿರಕ್ಕೆ 35 ಭಾಗ ಬಂದ ಮೇಲೆ ತೊಟ್ಟಿಗೆ ಸುರಿದೆ. ಆ ಉಪಕರಣವನ್ನು ಸಿಹಿನೀರಿನಿಂದ ಸೊನ್ನೆಗೆ ತಂದರೆ ಸಾಲದು. 35 ಭಾಗದ ಪರೀಕ್ಷಾ ದ್ರಾವಣದಿಂದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಮರಳನ್ನೂ ಕಡಲತೀರದಿಂದ ತರಲಿಲ್ಲ. ತೀರದ ಮರಳು ಹೆಚ್ಚಾಗಿ ಬೆಣಚುಕಲ್ಲಿನದು, ಅದು ನೀರಿಗೆ ಏನನ್ನೂ ಕೊಡುವುದಿಲ್ಲ. ಅರಗೋನೈಟ್ ಮರಳು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ ನೀರಿನ ಕ್ಷಾರಗುಣವನ್ನು ಹಿಡಿದಿಡಲು ಸ್ವಲ್ಪವಾದರೂ ನೆರವಾಗುತ್ತದೆ. ಕಲ್ಲಿನ ಮಾತು ಇನ್ನೂ ಗಂಭೀರವಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಪಡೆದ ಜೀವಿಗಳ ಪಟ್ಟಿಯಾದ ಮೊದಲ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳು, ಕಡಲ್ಗುದುರೆಗಳು, ಕಡಲಸೌತೆ ಎಂಬ ಪ್ರಾಣಿಗಳು 2001ರಲ್ಲಿ ಸೇರಿದವು. ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಸತ್ತ ಹವಳದ ತುಂಡನ್ನು ನೆನಪಿಗೆಂದು ತಂದು ತೊಟ್ಟಿಯಲ್ಲಿ ಇಡುವುದೂ ಅಪರಾಧವೇ. ಆದ್ದರಿಂದ ಕಾರ್ಖಾನೆಯಲ್ಲಿ ತಯಾರಾದ, ಸಣ್ಣ ರಂಧ್ರಗಳಿರುವ ಸೆರಾಮಿಕ್ ಕಲ್ಲನ್ನು ಸುಮಾರು 20 ಕಿಲೋ ಹಾಕಿ, ಹವಳವಿಲ್ಲದ, ಮೀನುಗಳೇ ಮುಖ್ಯವಾದ ತೊಟ್ಟಿ ಎಂದು ನಿರ್ಧರಿಸಿದೆ. ಇದರಿಂದ ಹವಳಕ್ಕೆ ಬೇಕಾಗುವ ದುಬಾರಿ ದೀಪದ ಖರ್ಚೂ ಉಳಿಯಿತು.

ನಮ್ಮೂರಿನಲ್ಲಿ ಈ ಹವ್ಯಾಸಕ್ಕೆ ನಿಜವಾದ ಅಡ್ಡಿ ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 32 ಡಿಗ್ರಿ ಇರುವಾಗ ಪಂಪುಗಳ ಬಿಸಿಯೂ ಸೇರಿ ನೀರು ಅದಕ್ಕಿಂತ ಮೇಲೇರುತ್ತದೆ. ಒಣಹವೆಯ ಊರುಗಳಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಕರಾವಳಿಯ ಗಾಳಿಯಲ್ಲೇ ತೇವ ತುಂಬಿರುವುದರಿಂದ ಇಲ್ಲಿ ಆ ಉಪಾಯ ಅಷ್ಟಾಗಿ ಫಲಿಸುವುದಿಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಅದೇ ಹೊತ್ತಿಗೆ ಮೀನಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಕಾಲು ಎಚ್‌ಪಿಯ ಚಿಲ್ಲರ್ ಕೊಂಡು 26 ಡಿಗ್ರಿಗೆ ಇಟ್ಟೆ. ಚಿಲ್ಲರ್ ತನ್ನ ಬಿಸಿಯನ್ನು ಕೋಣೆಗೇ ಬಿಡುತ್ತದೆ. ಸ್ಟ್ಯಾಂಡಿನೊಳಗೆ ಇಟ್ಟರೆ ತಾನು ಬಿಟ್ಟ ಬಿಸಿಯೊಡನೆ ತಾನೇ ಸೆಣಸುತ್ತಿರುತ್ತದೆ. ನಮ್ಮಲ್ಲಿ ಪೈಪನ್ನು ಗೋಡೆಯ ಆಚೆ ಎಳೆದು, ಮಳೆ ಬೀಳದಂತೆ ಹಿಂದಿನ ಜಗಲಿಯಲ್ಲಿ ಕೂರಿಸಿದ್ದೇವೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲಾದ್ದರಿಂದ ಮೇಲೆ ನೀರು ಕಳಿಸುವ ಪಂಪನ್ನೂ ಅಲೆ ಎಬ್ಬಿಸುವ ಒಂದು ವೇವ್‌ಮೇಕರನ್ನೂ ಇನ್‌ವರ್ಟರಿಗೆ ಜೋಡಿಸಿದ್ದೇನೆ. ಚಿಲ್ಲರ್ ಕೆಲವು ಗಂಟೆ ನಿಂತರೂ ನಡೆಯುತ್ತದೆ, ನೀರಿನ ಓಟ ನಿಲ್ಲಬಾರದು.

ಮೀನಿನ ಕಲ್ಮಶದಿಂದ ಹುಟ್ಟುವ ಅಮೋನಿಯ ಮೀನಿಗೇ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಮೊದಲೇ ಬೆಳೆಯಲೆಂದು, ನೀರು ತುಂಬಿದ ಮೇಲೆ ಮೀನು ಬಿಡುವುದಕ್ಕೆ ಬದಲಾಗಿ ಅಮೋನಿಯಂ ಕ್ಲೋರೈಡನ್ನು ಹಾಕಿದೆ, ಅಮೋನಿಯ ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಇವು ಕಲ್ಲಿನ ರಂಧ್ರಗಳಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಾಕಿದ ಅಮೋನಿಯ ಒಂದೇ ದಿನದೊಳಗೆ ಸೊನ್ನೆಗೆ ಇಳಿದು, ನೈಟ್ರೈಟೂ ಸೊನ್ನೆಯಾದಾಗ ತೊಟ್ಟಿ ಸಿದ್ಧವೆಂದು ತಿಳಿಯಬಹುದು. ಸಿಹಿನೀರಿನ ತೊಟ್ಟಿ ಇಟ್ಟು ಅಭ್ಯಾಸವಿರುವವರು ಗಮನಿಸಬೇಕಾದದ್ದೆಂದರೆ, ಉಪ್ಪುನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುವುದರಿಂದ ಅಷ್ಟೇ ಅಮೋನಿಯ ಇಲ್ಲಿ ಹೆಚ್ಚು ವಿಷಕಾರಿ. ಈ ನಡುವೆ ಮರಳಿನ ಮೇಲೆ ಕಂದು ಪದರ ಹರಡಿತು. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ತಾನಾಗಿ ಬಂದು ತಾನಾಗಿ ಹೋಗುತ್ತದೆ.

ಮೀನು ಕೊಳ್ಳುವಾಗ ಅಂಗಡಿಯಲ್ಲಿ ನನ್ನೆದುರೇ ತಿಂಡಿ ಹಾಕಿಸಿ ನೋಡುತ್ತೇನೆ. ತಿನ್ನದ ಮೀನು ಎಷ್ಟು ಚೆಂದವಿದ್ದರೂ ಬೇಡ. ಅಲ್ಲಿಯ ನೀರಿನ ಉಪ್ಪಿನಂಶವನ್ನೂ ಕೇಳಿಕೊಳ್ಳುತ್ತೇನೆ. ಹಲವು ಅಂಗಡಿಗಳಲ್ಲಿ ಅದನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ, ಅಲ್ಲಿಂದ ತಂದ ಮೀನನ್ನು ನೇರವಾಗಿ 35 ಭಾಗದ ನೀರಿಗೆ ಬಿಟ್ಟರೆ ಅದಕ್ಕೆ ಆಘಾತವಾಗುತ್ತದೆ. ಹನಿಹನಿಯಾಗಿ ನೀರು ಬೆರೆಸುತ್ತ ಗಂಟೆಗಟ್ಟಲೆ ಕೂರುವ ಪದ್ಧತಿಯನ್ನು, ದೂರದಿಂದ ಬಂದ ಮೀನಿಗೆ, ನಾನು ಒಪ್ಪುವುದಿಲ್ಲ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಆದ್ದರಿಂದ ಅಲ್ಲಿ ಸೇರಿದ ಅಮೋನಿಯ ಅಷ್ಟು ಕೆಡುಕು ಮಾಡಿರುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರಿ, ಅದೇ ಅಮೋನಿಯ ವಿಷವಾಗುತ್ತದೆ. ರೋಗ ಹರಡದಂತೆ ಹೊಸ ಮೀನನ್ನು ಮೊದಲು ಬೇರೆಯಾಗಿ ಇಡುವ ಪ್ರತ್ಯೇಕ ತೊಟ್ಟಿಯ ಉಪ್ಪಿನಂಶವನ್ನು ಮೊದಲೇ ಅಂಗಡಿಯ ಮಟ್ಟಕ್ಕೆ ತಂದಿಟ್ಟು, ಚೀಲವನ್ನು ತೇಲಿಬಿಟ್ಟು ಬಿಸಿ ಸಮವಾದ ಕೂಡಲೇ ಮೀನನ್ನು ಮಾತ್ರ ಎತ್ತಿ ಬಿಡುವುದು ನನ್ನ ಕ್ರಮ. ಉಪ್ಪನ್ನು ಆಮೇಲೆ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸುತ್ತೇನೆ.

ಈ ಪ್ರತ್ಯೇಕ ತೊಟ್ಟಿ 60 ಲೀಟರಿನ ಬರಿಯ ಗಾಜಿನ ಪೆಟ್ಟಿಗೆ. ಅದರಲ್ಲಿ ಸ್ಪಂಜ್ ಫಿಲ್ಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು, ಅಷ್ಟೇ. ಕಡಲ ಮೀನಿನ ಬಿಳಿಚುಕ್ಕೆ ರೋಗಕ್ಕೆ ಕಾರಣವಾದ ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿ ದೊಡ್ಡ ತೊಟ್ಟಿಗೆ ಒಮ್ಮೆ ಹೊಕ್ಕರೆ ಎಲ್ಲ ಮೀನುಗಳನ್ನೂ ಹೊರತೆಗೆದು ಎರಡೂವರೆ ತಿಂಗಳು ತೊಟ್ಟಿಯನ್ನು ಖಾಲಿ ಬಿಡಬೇಕಾಗುತ್ತದೆ. ತಾಮ್ರದ ಔಷಧದಲ್ಲಿ ನಾಲ್ಕು ವಾರ ಇಡುವುದು ಅದಕ್ಕಿಂತ ಸುಲಭ. ತಾಮ್ರವನ್ನು ಕಲ್ಲು ಮರಳುಗಳು ಹೀರಿಕೊಳ್ಳುತ್ತವೆ, ಸಿಗಡಿ ಬಸವನಹುಳುಗಳಿಗೆ ಅದು ಮಾರಕ. ಪೆಟ್ಟಿಗೆ ಬರಿದಾಗಿರುವುದು ಇದಕ್ಕಾಗಿಯೇ.

ಶಾಂತ ಸ್ವಭಾವದ ಮೀನು ಮೊದಲು, ಜಗಳಗಂಟಿ ಕೊನೆಗೆ ಎಂಬ ಕ್ರಮದಲ್ಲಿ ಬಿಡುತ್ತ ಬಂದೆ. ಮೊದಲು ಒಂದು ಫೈರ್‌ಫಿಶ್. ಅದು ಬೆದರಿದರೆ ಹೊರಗೆ ಹಾರುವ ಮೀನು, ಹಾಗಾಗಿ ಮೇಲೆ ಬಲೆಯ ಮುಚ್ಚಳ ಬೇಕೇ ಬೇಕು. ಆಮೇಲೆ ಒಂದು ವಾಚ್‌ಮನ್ ಗೋಬಿ ಮತ್ತು ಒಂದು ಪಿಸ್ಟಲ್ ಸಿಗಡಿ. ಕಣ್ಣು ಮಂದವಾದ ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲಿರುತ್ತದೆ. ಸಿಗಡಿಯ ಮೀಸೆ ಸದಾ ಮೀನಿನ ಮೈಗೆ ತಾಗಿರುತ್ತದೆ, ಮೀನು ಬಾಲ ಅಲುಗಿಸಿದರೆ ಎರಡೂ ಒಳಗೆ. ಈ ತೊಟ್ಟಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡುವುದು ಇವನ್ನೇ. ಕೊನೆಗೆ ಎರಡು ಕ್ಲೌನ್ ಮೀನುಗಳು, ಹ್ಯಾಚರಿಯಲ್ಲಿ ಹುಟ್ಟಿದವು. ಮಂಡಪಂ ಮತ್ತು ವಿಝಿಂಜಂನ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರಗಳು ಇವುಗಳ ಮರಿ ಮಾಡುವ ವಿಧಾನವನ್ನು ರೂಪಿಸಿರುವಾಗ ಕಡಲಿನಿಂದ ಹಿಡಿದದ್ದನ್ನು ಕೊಳ್ಳುವ ಅಗತ್ಯವೇ ಇಲ್ಲ. ಈ ಜಾತಿಯಲ್ಲಿ ಎಲ್ಲವೂ ಮೊದಲು ಗಂಡಾಗಿದ್ದು ಪ್ರಬಲವಾದದ್ದು ಹೆಣ್ಣಾಗುವುದರಿಂದ, ಒಂದು ದೊಡ್ಡದು ಒಂದು ಚಿಕ್ಕದು ಆರಿಸಿದರೆ ಜೋಡಿ ಬೇಗ ಹೊಂದಿಕೊಳ್ಳುತ್ತದೆ. ಜೊತೆಗೆ ಎನಿಮೋನ್ ಎಂಬ ಹೂವಿನಂಥ ಕಡಲಜೀವಿ ಇರಲೇಬೇಕೆಂಬುದು ಸಿನಿಮಾ ನೋಡಿದವರ ನಂಬಿಕೆ ಮಾತ್ರ. ಸರ್ಜನ್ ಮೀನಿಗೆ ಈ ತೊಟ್ಟಿ ಚಿಕ್ಕದು, ಮ್ಯಾಂಡರಿನ್ ಮೀನು ತಿನ್ನಲು ಜೀವಂತ ಪುಟ್ಟ ಕಡಲಜೀವಿಗಳಿಲ್ಲದೆ ಹಸಿದು ಸಾಯುತ್ತದೆ, ಆದ್ದರಿಂದ ಎರಡನ್ನೂ ತರಲಿಲ್ಲ.

ಪಕ್ಕದ ಕಡಲಿನಿಂದ ನಾನು ತರುವುದು ಆಹಾರವನ್ನು ಮಾತ್ರ. ಮಾರುಕಟ್ಟೆಯ ತಾಜಾ ಸಿಗಡಿಯನ್ನೂ ಬೊಂಡಾಸನ್ನೂ (ಸ್ಕ್ವಿಡ್) ಸಿಹಿನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚಿ, ಫ್ರೀಜರಿನಲ್ಲಿ ಇಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಿಗೆ ಮೇ ತಿಂಗಳಲ್ಲೇ ಕೂಡಿಡಬೇಕು. ಆವಿಯಾಗಿ ಹೋಗುವುದು ನೀರು, ಉಪ್ಪಲ್ಲ. ಹಾಗಾಗಿ ದಿನವೂ ತುಂಬಿಸುವುದು ಡಿಐ ಆದ ಸಿಹಿನೀರನ್ನು. ಎರಡು ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ಉಪ್ಪುನೀರನ್ನು ಬದಲಿಸುತ್ತೇನೆ. ತೆಗೆದ ಹಳೆಯ ನೀರನ್ನು ತೆಂಗಿನ ಬುಡಕ್ಕೂ ಹಾಕುವುದಿಲ್ಲ, ಮಳೆನೀರಿನ ಚರಂಡಿಗೂ ಬಿಡುವುದಿಲ್ಲ. ಆ ಚರಂಡಿ ಕೊನೆಗೆ ಹೊಳೆಗೂ ಕಡಲಿಗೂ ಸೇರುತ್ತದೆ, ನಮ್ಮ ತೊಟ್ಟಿಯಲ್ಲಿರುವ ಜೀವಿಗಳೂ ರೋಗಾಣುಗಳೂ ಈ ತೀರದವಲ್ಲ. ಅದನ್ನು ಶೌಚಾಲಯದ ಕೊಳವೆಗೇ ಸುರಿಯುತ್ತೇನೆ.